ಇರ್ಯಾ ಮನೆಯ ಸುಡುವ ನೆಲ

"ಕೆರ್ತಮ್ಮಾ, ಆ ಸೆನ್ಸರನ್ನ ನನ್ನ ಕೈಯಾರೆ ನೆಲದೊಳಗೆ ತೂರಿಸಿದೀನಿ. ನಿಮ್ಮಾಣೆಗೂ!" ಎಂದು ಸಿನಿ ಅಳತೊಡಗಿದಾಗ ನಾನು ಕೆರ್ತುವಿನ ಅಡುಗೆಮನೆಯಲ್ಲಿ ಎರಡನೆಯ ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ.

ಸಿನಿ ನಮ್ಮ ಕುವೋಪಿಯೊ ಊರಿನ ಎಲೆಕ್ಟ್ರಿಷಿಯನ್, ಇಪ್ಪತ್ತಾರರ ಹುಡುಗಿ. ಸರೋವರದ ದಡದಲ್ಲಿರುವ ಇರ್ಯಾಳ ಮನೆಯಲ್ಲಿ ಹೊಸ ಮರದ ನೆಲದಡಿ ಬಿಸಿ ಮಾಡುವ ತಂತಿ ಹಾಸಿ, ಗೋಡೆಗೆ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೂರಿಸಿದ್ದಳು. ತಿಂಗಳು ಪೂರ್ತಿ ಎಲ್ಲ ಸರಿಯಿತ್ತು, ಅವಳು ಉಳಿದ ವೈರಿಂಗ್ ಮಾಡಲು ದಿನಾ ಅಲ್ಲಿಗೆ ಹೋಗುತ್ತಿದ್ದಳು. ಕಳೆದ ವಾರ ನೆಲ ಕಾಲಿಡಲಾಗದಷ್ಟು ಕಾದು ಹಲಗೆಗಳು ಬಾಯಿಬಿಟ್ಟವು. ನೆಲದ ಬಿಸಿ ಅಳೆಯುವ ಸೆನ್ಸರನ್ನು ಸಿನಿ ನೆಲಕ್ಕಿಳಿಸದೆ ಥರ್ಮೋಸ್ಟಾಟಿನ ಹಿಂದಿನ ಗೋಡೆ ಡಬ್ಬಿಯಲ್ಲೇ ಬಿಟ್ಟಿದ್ದಾಳೆಂದು ಇರ್ಯಾ ದೂರು ಬರೆದಿಟ್ಟಿದ್ದಳು. ಅದು ಅವತ್ತು ಸಂಜೆ ನಾಲ್ಕರ ಟಪಾಲಿಗೆ ಬಿದ್ದರೆ ಸಿನಿಯ ಪರವಾನಗಿ ಹೋದಂತೆಯೇ.

"ಸೆನ್ಸರ್ ಗೋಡೆ ಡಬ್ಬೀಲೇ ಇತ್ತು ಅಂದೋರು ಯಾರು?" ಎಂದಳು ಕೆರ್ತು.

"ಇಲ್ಮರಿ. ನನಗೆ ಕೆಲಸ ಕಲಿಸಿದೋರೇ. ಇರ್ಯಾ ಕರೆಸಿ ತೋರಿಸಿದ್ರಂತೆ."

ಆ ಹೆಸರು ಕೇಳಿ ನನ್ನ ಕಾಫಿ ಕಹಿಯಾಯಿತು. ಕೆರ್ತು ಮೂವತ್ತು ವರ್ಷ ವಿದ್ಯುತ್ ತಪಾಸಣಾಧಿಕಾರಿಯಾಗಿದ್ದವಳು. ನಿವೃತ್ತಿಯ ನಂತರ ಅವಳು ಬಿಡಿಸಿದ ಒಗಟುಗಳಿಗೆಲ್ಲ ಜೊತೆಗಿದ್ದವನು ನಾನು, ಭೂಗೋಳದ ಮೇಷ್ಟ್ರು ತೌನೊ. ಇಪ್ಪತ್ತೆರಡು ವರ್ಷ! ಊರಿನ ಹಳೆಯ ಎಲೆಕ್ಟ್ರಿಷಿಯನ್ ಈ ಇಲ್ಮರಿ, ತನ್ನ ಹೆಂಡತಿ ಸತ್ತ ಮೇಲೆ, ಎಪ್ಪತ್ತರಲ್ಲೂ ತಲೆತುಂಬ ಕೂದಲಿಟ್ಟುಕೊಂಡು, ಕೆರ್ತು ಜೊತೆ ಓಮ್, ವೋಲ್ಟ್ ಎಂದು ಕರೆಂಟಿನ ಮಾತಾಡಿ ನಗುತ್ತ ಕೂರತೊಡಗಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಮುಚ್ಚಿಟ್ಟು ಏನಾಗಬೇಕು? ಊರಿನವರೆಲ್ಲ ಈಗ ಕೆಲಸಕ್ಕೆ ಅವನನ್ನು ಬಿಟ್ಟು ಸಿನಿಯನ್ನೇ ಕರೆಯುತ್ತಾರೆ. ಇದು ಅವನದೇ ಕಿತಾಪತಿ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ನಾವು ಮೂವರೂ ಇರ್ಯಾಳ ಮನೆ ಬಾಗಿಲಲ್ಲಿ ಬೂಟು ಬಿಚ್ಚುವಾಗ ಇಲ್ಮರಿ ಅಲ್ಲೇ ಇದ್ದ. "ಮೇಷ್ಟ್ರೇ, ಹುಷಾರು. ಹಲಗೆ ಜೊತೆ ನೀವೂ ಬಿರುಕು ಬಿಟ್ಟೀರಿ!" ಎಂದ. ಕೆರ್ತು ನಕ್ಕಳು.

"ಹೆತ್ತ ಮಗಳ ಹಾಗೆ ನೋಡ್ಕೊಂಡೆ ಈ ಸಿನೀನ," ಎಂದಳು ಇರ್ಯಾ. "ದಿನಾ ಕಾಫಿ ಕೊಟ್ಟೆ, ಉಣ್ಣೆ ಕಾಲುಚೀಲ ಹೆಣೆದುಕೊಟ್ಟೆ."

"ನನಗೆ ಹೆಣೆದು ಎಷ್ಟು ವರ್ಷ ಆಯ್ತು ಅಂತ ಕೇಳಿ," ಎಂದಳು ತಂಗಿ ಮಾಯ್ರೆ. ವಿಧವೆಯರಾದ ಅಕ್ಕತಂಗಿಯರು ಒಂಬತ್ತು ವರ್ಷದಿಂದ ಒಟ್ಟಿಗಿದ್ದರು.

ಫ್ಯೂಸ್ ಪೆಟ್ಟಿಗೆಯಲ್ಲಿ ಸಿನಿ ಪ್ರತಿ ಸ್ವಿಚ್ಚಿಗೂ ಹೆಸರು ಬರೆದಿದ್ದಳು. 'ನೆಲ' ಎಂದಿದ್ದ ಒಂದನ್ನೇ ಇಲ್ಮರಿ ಆರಿಸಿದ. "ಇಷ್ಟಕ್ಕೆ ಇಡೀ ಮನೆ ಕರೆಂಟ್ ತೆಗೆಯೋರು ಕಸುಬು ಗೊತ್ತಿಲ್ಲದೋರು," ಎಂದ.

ಕೆರ್ತು ಗೋಡೆ ಡಬ್ಬಿಯಿಂದ ಸೆನ್ಸರಿನ ಸಣ್ಣ ತಂತಿ ತೆಗೆದು ಬೆಳಕಿಗೆ ಹಿಡಿದಳು. ಸುರುಳಿ ಬಿಟ್ಟಕೂಡಲೇ ಅದು ನೆಟ್ಟಗಾಯಿತು. ನಡುವೆ ಒಂದೇ ಒಂದು ಗಟ್ಟಿ ಬಾಗು ಉಳಿಯಿತು.

ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಓವನ್ನಿನ ಗಡಿಯಾರ ಐದೂವರೆ ತೋರಿಸುತ್ತಿತ್ತು, ನನ್ನ ಕೈಗಡಿಯಾರದಲ್ಲಿ ಎರಡು. ಕರೆಂಟ್ ಹೋಗಿ ಬಂದಾಗ ಅದು ಸೊನ್ನೆಯಿಂದ ಶುರುವಾಗುತ್ತದೆ. ಅಂದರೆ ಕಸುಬು ಗೊತ್ತಿಲ್ಲದ ಯಾರೋ ಇಡೀ ಮನೆಯ ಕರೆಂಟ್ ತೆಗೆದಿದ್ದರು, ಇಲ್ಮರಿಯಲ್ಲ. ಹೇಳೋಣವೆಂದು ಹೊರಬಂದರೆ ಕೆರ್ತು ಇಲ್ಮರಿಯ ಮಾತಿಗೆ ಮತ್ತೆ ನಗುತ್ತಿದ್ದಳು. ನಾನು ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡು ಸುಮ್ಮನೆ ನಿಂತೆ.

"ಈ ದಪ್ಪ ಉಣ್ಣೆಯ ಫೆಲ್ಟ್ ಚಪ್ಪಲಿ ಯಾರ್ದು?" ಎಂದು ಕೆರ್ತು ಬಾಗಿಲ ಬಳಿಯ ಕಪಾಟು ತೋರಿಸಿದಳು.

"ಮಾಯ್ರೇದು," ಎಂದು ಇರ್ಯಾ ನಕ್ಕಳು. "ಹೋದ ಮಂಗಳವಾರ ಬೆಳಿಗ್ಗೆ ನಾನು ಸರೋವರದ ಮಂಜುಗಡ್ಡೆ ಕೊರೆದ ತೂತಲ್ಲಿ ಈಜಿ ಬಂದು ನೋಡಿದ್ರೆ, ಅಟ್ಟದಿಂದ ಇಳಿಸಿ ಹಾಕ್ಕೊಂಡು ಕೂತಿದ್ಲು. ಅದೂ ಈ ಬೆಚ್ಚಗಿನ ಮನೇಲಿ! ಮಾರನೇ ದಿನ ಬೆವರಿ ಬಿಸಾಕಿದ್ಲು."

ಮೂರು ಗಂಟೆಗೆ ಕೆರ್ತು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದಳು. ದೂರಿನ ಲಕೋಟೆ ನಡುವೆ ಇತ್ತು.

"ಮೊದಲಿಂದಲೂ ಡಬ್ಬೀಲಿದ್ದ ತಂತಿ ಸುರುಳಿಯಾಗೇ ಇರುತ್ತೆ. ಇದು ನೆಟ್ಟಗಿದೆ. ಆ ಬಾಗು, ತಂತಿ ಹೋಗೋ ಕೊಳವೆ ಗೋಡೆಯಿಂದ ನೆಲಕ್ಕೆ ತಿರುಗೋ ಜಾಗದ್ದು. ಸಿನಿ ಸರಿಯಾಗೇ ತೂರಿಸಿದ್ಲು, ಯಾರೋ ಎಳೆದು ತೆಗೆದ್ರು. ಹೊರಗೋಡೆ ಚಳಿ ತಾಗಿ ಸೆನ್ಸರ್ 'ನೆಲ ತಣ್ಣಗಿದೆ' ಅಂತಲೇ ಹೇಳ್ತಿತ್ತು. ಥರ್ಮೋಸ್ಟಾಟ್ ಕಾಯಿಸ್ತಾನೇ ಹೋಯ್ತು."

"ಹಾಗಾದ್ರೆ ಕಸುಬಿನೋರೇ," ಎಂದೆ ನಾನು, ಇಲ್ಮರಿಯನ್ನೇ ನೋಡುತ್ತ.

"ಅಲ್ಲ. ತೆಗೆದೋರು ಶಾಕ್ ಹೊಡೆಯುತ್ತೆ ಅಂತ ಹೆದರಿ ಇಡೀ ಮನೆ ಕರೆಂಟ್ ಆರಿಸಿದ್ರು. ಓವನ್ ಗಡಿಯಾರದ ಲೆಕ್ಕದಲ್ಲಿ ಅದು ವಾಪಸ್ ಬಂದಿದ್ದು ಬೆಳಿಗ್ಗೆ ಎಂಟೂವರೆಗೆ. ಮಂಗಳವಾರ ಆ ಹೊತ್ತಿಗೆ ಇರ್ಯಾ ಸರೋವರದಲ್ಲಿ. ಸೆನ್ಸರ್ ಕಿತ್ರೆ ನೆಲ ಕಾಯುತ್ತೆ ಅಂತ ಇಲ್ಮರಿಗೆ ಗೊತ್ತು. ಮಾಯ್ರೆಗೆ ಗೊತ್ತಿರಲಿಲ್ಲ. ನೆಲ ತಣ್ಣಗಾಗುತ್ತೆ ಅಂದ್ಕೊಂಡು, ಚಳಿ ಬರೋ ಮೊದಲೇ ಚಪ್ಪಲಿ ಹಾಕ್ಕೊಂಡ್ರು."

ಮಾಯ್ರೆ ಮುಖ ಮುಚ್ಚಿಕೊಂಡಳು. "ಸಿನಿ ಆ ತಂತಿ ತೂರಿಸೋದನ್ನ ನೋಡಿದ್ದೆ. ನೆಲ ತಣ್ಣಗಾದ್ರೆ 'ಕೆಲಸ ಬರಲ್ಲ ಇವಳಿಗೆ' ಅಂತ ಕಳಿಸ್ತೀಯ ಅಂದ್ಕೊಂಡೆ. ಅಷ್ಟೇ. ಮರ ಒಡೆಯುತ್ತೆ ಅಂತ ಗೊತ್ತಿರಲಿಲ್ಲ ಅಕ್ಕಾ. ದಿನಾ ಅವಳಿಗೇ ಕಾಫಿ, ಅವಳ ಜೊತೇನೇ ಮಾತು. ನಾನು ಈ ಮನೇಲಿ ಇದೀನೋ ಇಲ್ವೋ?"

ಇರ್ಯಾ ಲಕೋಟೆ ಎತ್ತಿಕೊಂಡಳು. ಅದನ್ನು ಹರಿದು, ಸಿನಿಯ ಕೈ ಹಿಡಿದು ಕ್ಷಮೆ ಕೇಳಿದಳು. ತಂಗಿಯನ್ನು ಬಯ್ಯಲಿಲ್ಲ, ಅವಳ ಲೋಟಕ್ಕೆ ಕಾಫಿ ಸುರಿದಳು.

ಹಿಮದ ದಾರಿಯಲ್ಲಿ ಸಿನಿ ಸಲಕರಣೆ ಪೆಟ್ಟಿಗೆ ಹಿಡಿದು ಮುಂದೆ ನಡೆಯುತ್ತಿದ್ದಳು. ಕೆರ್ತು ನನ್ನ ಪಕ್ಕದಲ್ಲಿದ್ದಳು.

"ಗಡಿಯಾರ ನೀನು ನೋಡಿದ್ದೆ, ತೌನೊ."

"ಯಾರು ಹೇಳಿದ್ದು?"

"ಇಪ್ಪತ್ತೆರಡು ವರ್ಷದಿಂದ ಕಂಡ ಗಡಿಯಾರಕ್ಕೆಲ್ಲ ನಿನ್ನ ವಾಚು ಹೋಲಿಸಿ, 'ಇದು ತಪ್ಪು' ಅಂತ ಡಂಗುರ ಹೊಡೆಯೋನು ನೀನು. ಇವತ್ತು ಹೊರಗೆ ಬಂದವನೇ ತೋಳು ಎಳ್ಕೊಂಡೆ. ಅದಕ್ಕೇ ನಾನು ಒಳಗೆ ಹೋಗಿ ನೋಡಿದ್ದು."

ನಾನು ತೋಳು ಮೇಲಕ್ಕೆ ಸರಿಸಿದೆ. "ಅವನ ಮೇಲೆ ಹೊಟ್ಟೆಕಿಚ್ಚು, ಕೆರ್ತು. ಬೇರೇನಿಲ್ಲ."

"ಮಾಯ್ರೇದೂ ಬೇರೇನಿರಲಿಲ್ಲ. ನಾಲ್ಕು ಗಂಟೆ ಆಗಿದ್ರೆ ಆ ಹುಡುಗಿ ಅನ್ನ ಹೋಗ್ತಿತ್ತು."

ನಾನು ಹೆಜ್ಜೆ ಜೋರು ಮಾಡಿದೆ.

"ಸಿನಿ," ಎಂದು ಕೂಗಿದೆ. "ಒಂಚೂರು ನಿಲ್ಲಮ್ಮಾ. ಆ ಗಡಿಯಾರದ ವಿಷಯ ನಿಂಗೆ ಒಂದು ಮಾತು ಹೇಳೋದಿದೆ."