ಒಂಟಿ ಇಂಜಿನ್ನಿನ ಬಲಗಡೆ ಬಾಗಿಲು

“ಅಜ್ಜೀ, ಇದರಲ್ಲಿ ನಿನ್ನ ಹೆಸರೇ ಇಲ್ಲ!”

ಸ್ಪ್ರಿಂಗ್ ಆ ತೆಳ್ಳನೆಯ ಪುಸ್ತಕವನ್ನು ಮೂರನೇ ಸಲ ತಿರುವಿಹಾಕಿದಳು. ಅವಳ ಒಂದು ಕಾಲು ಕುರ್ಚಿಯ ಮೇಲಿತ್ತು, ಇನ್ನೊಂದು ನೆಲದ ಮೇಲೆ. ನೆಲದ ಮೇಲಿದ್ದದ್ದು ಟಕಟಕ ಕುಣಿಯುತ್ತಿತ್ತು. ಅವಳ ನಿಜವಾದ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೂತಲ್ಲಿ ಕೂರುವುದಿಲ್ಲ ಅಂತ ಎರಡನೇ ಕ್ಲಾಸಿನ ಟೀಚರ್ ಇಟ್ಟ ಹೆಸರು ಅವಳ ಹಿಂದೆಯೇ ಮನೆಗೂ ಬಂದುಬಿಟ್ಟಿತ್ತು.

ಅಜ್ಜಿ ಕಿಟಕಿಯ ಹತ್ತಿರ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ಒಂದೊಂದು ಹೊಲಿಗೆಯೂ ಅಳತೆ ಹಿಡಿದು ಹಾಕಿದ ಹಾಗೆ ಒಂದೇ ಸಮ.

“ಇರಲ್ಲ ಕಣೇ. ಯಾಕೆ ಇರುತ್ತೆ?”

“ಯಾಕೆ ಅಂದ್ರೆ? ನಾಳೆ ನಾನು ಕ್ಲಾಸಲ್ಲಿ ಏನು ತೋರಿಸ್ಲಿ?”

ತಪ್ಪು ಅವಳದೇ. ‘ನಮ್ಮೂರಿನ ಇತಿಹಾಸ’ ಅಂತ ಪ್ರಾಜೆಕ್ಟ್ ಕೊಟ್ಟಾಗ ಒಬ್ಬರು ಹಳೇ ಸೇತುವೆ ಅಂದರು, ಒಬ್ಬರು ನೀರಿನ ಟ್ಯಾಂಕ್ ಅಂದರು. ಸ್ಪ್ರಿಂಗ್ ಎದ್ದು ನಿಂತು, “ರೈಲ್ವೆ ವರ್ಕ್‌ಶಾಪಲ್ಲಿ ಮಾಡಿದ ಡೀಸೆಲ್ ಇಂಜಿನ್” ಅಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಅದನ್ನ ಮಾಡಿದ್ದು ನಮ್ಮಜ್ಜಿ!” ಅಂದುಬಿಟ್ಟಳು.

ಇಡೀ ಕ್ಲಾಸು ನಕ್ಕಿತು. ಮುಂದಿನ ಬೆಂಚಿನ ರೇಡಿಯೋ, ಬೆಳಿಗ್ಗೆ ಬೆಲ್ ಹೊಡೆದರೆ ಸಂಜೆವರೆಗೆ ಬಾಯಿ ಮುಚ್ಚದ ಹುಡುಗಿ, ಹಿಂದಕ್ಕೆ ತಿರುಗಿದಳು. “ನಿಮ್ಮಜ್ಜೀನಾ? ಸುತ್ತಿಗೆ ತಗೊಂಡು? ಏನೇ ಬುರುಡೆ ಬಿಡ್ತೀಯ!”

“ಬುರುಡೆ ಅಲ್ಲ!”

“ಹಾಗಾದ್ರೆ ಪ್ರೂಫ್ ತಗೊಂಡ್ಬಾ.”

ಪ್ರೂಫ್ ಹುಡುಕಿಕೊಂಡು ಅವಳು ಲೈಬ್ರರಿಯಿಂದ ವರ್ಕ್‌ಶಾಪಿನ ಚರಿತ್ರೆಯ ಪುಸ್ತಕ ತಂದಿದ್ದಳು. ಅದರಲ್ಲಿ ಆ ಇಂಜಿನ್ನಿನ ಬಗ್ಗೆ ಇದ್ದದ್ದು ನಾಲ್ಕೇ ಸಾಲು. ‘ಪ್ರಯಾಣಿಕರ ಗಾಡಿಗಾಗಿ ಪ್ರಾಯೋಗಿಕವಾಗಿ ತಯಾರಿಸಲಾಯಿತು. ಒಂದೇ ಇಂಜಿನ್ ನಿರ್ಮಾಣವಾಯಿತು. ಒಂಬತ್ತು ವರ್ಷ ಓಡಿತು. ನಂತರ ಕಳಚಲಾಯಿತು.’ ಪಕ್ಕದಲ್ಲಿ ಒಂದು ಫೋಟೋ. ಇಂಜಿನ್ನಿನ ಮುಂದೆ ಸಾಲಾಗಿ ನಿಂತ ಇಪ್ಪತ್ತೆರಡು ಗಂಡಸರು.

“ನೀನೆಲ್ಲಿ ಇದರಲ್ಲಿ?”

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಫೋಟೋದ ಮೇಲಿನ ಅಂಚಿನಲ್ಲಿ ಕಿಟಕಿಗಳ ಒಂದು ಸಾಲಿತ್ತು. ಕಿಟಕಿಗಳಲ್ಲಿ ಬೂದು ಬಣ್ಣದ ಐದು ಚುಕ್ಕೆ.

“ಇದರಲ್ಲಿ ಯಾವುದೋ ಒಂದು ನಾನು. ಫೋಟೋ ತೆಗೆಯುವಾಗ ನಮ್ಮನ್ನ ಯಾರೂ ಕೆಳಗೆ ಕರೀಲಿಲ್ಲ. ಕಿಟಕೀಲಿ ನಿಂತು ನೋಡಿದ್ವಿ.”

“ಚುಕ್ಕೆ ತೋರಿಸಿದ್ರೆ ರೇಡಿಯೋ ಬಿಡ್ತಾಳಾ? ನೀನು ಏನು ಮಾಡ್ದೆ ಅಂತಾದ್ರೂ ಹೇಳು.”

ಅಜ್ಜಿ ಟ್ರೇಸರ್ ಆಗಿದ್ದಳು. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ಡ್ರಾಯಿಂಗಿನ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆಗೆ ಗೆರೆ ತಿದ್ದಿ ತೆಗೆಯುವ ಕೆಲಸ. ಅದರ ಪ್ರತಿ ಮಾಡಿ ಕೆಳಗೆ ವರ್ಕ್‌ಶಾಪಿಗೆ ಕೊಡುತ್ತಿದ್ದರು. ಡ್ರಾಯಿಂಗ್ ನೋಡಿಕೊಂಡು ಫಿಟ್ಟರುಗಳು ಕಬ್ಬಿಣ ಕತ್ತರಿಸುತ್ತಿದ್ದರು.

“ಆಗೆಲ್ಲ ಇಲ್ಲಿ ಉಗಿ ಇಂಜಿನ್ನೇ. ಪ್ಯಾಸೆಂಜರ್ ಗಾಡಿ ಎಳೆಯೋಕೆ ಡೀಸೆಲ್‌ದು ನಾವೇ ಒಂದು ಮಾಡಿ ನೋಡೋಣ ಅಂತ ನಮ್ಮ ದೊಡ್ಡ ಇಂಜಿನಿಯರ್‌ಗೆ ಹುಚ್ಚು ಹಿಡೀತು,” ಅಂದಳು ಅಜ್ಜಿ. “ಒಂದೇ ಒಂದು ಇದ್ದಿದ್ದಕ್ಕೆ ಅದರ ಹೆಸರೇ ‘ಒಂಟಿ’ ಅಂತ ಆಯ್ತು. ಮೊದಲ ವರ್ಷ ಮೂರನೇ ಸ್ಟೇಷನ್ ದಾಟೋ ಹೊತ್ತಿಗೆ ಕಾದು ಕೆಂಡ ಆಗಿ ನಿಂತುಬಿಡೋದು. ಹಳೇ ಉಗಿ ಇಂಜಿನ್ ಹೋಗಿ ಎಳ್ಕೊಂಡು ಬರ್ತಿತ್ತು, ತಪ್ಪಿಸಿಕೊಂಡ ಹಸು ಹಿಡ್ಕೊಂಡು ಬಂದ ಹಾಗೆ.”

ಸ್ಪ್ರಿಂಗ್‌ಗೆ ನಗು ಬಂತು. “ಅಂದ್ರೆ ಫೇಲು!”

“ಫೇಲ್ ಯಾಕೆ? ತಪ್ಪು ಎಲ್ಲೆಲ್ಲಿ ಆಗುತ್ತೆ ಅಂತ ನೋಡೋಕೇ ಮಾಡಿದ್ದು ಅದನ್ನ. ಇಂಜಿನ್ ತಣ್ಣಗಿಡೋ ರೇಡಿಯೇಟರ್ ಪಕ್ಕದಲ್ಲಿತ್ತು, ಅದನ್ನ ತಲೆ ಮೇಲೆ ಇಟ್ರು. ಆಮೇಲೆ ಚೆನ್ನಾಗೇ ಓಡ್ತು. ಆದ್ರೆ ಒಂದು ಬೋಲ್ಟ್ ಹೋದ್ರೂ ಅಂಥದ್ದೇ ಇನ್ನೊಂದು ಎಲ್ಲೂ ಸಿಗ್ತಿರಲಿಲ್ಲ. ಎಷ್ಟು ದಿನ ಅಂತ ನಡೆಸ್ತಾರೆ?”

“ಸರಿ, ನಾಳೆ ಹೇಳ್ತೀನಿ. ಡ್ರಾಯಿಂಗ್ ಎಲ್ಲ ನಮ್ಮಜ್ಜೀದು ಅಂತ.”

ಅಜ್ಜಿಯ ಸೂಜಿ ನಿಂತಿತು. “ಇಂಜಿನ್ ವಿಷಯ ಹೇಳು. ನನ್ನ ಹೆಸರು ಎತ್ತಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ.”

ಸ್ಪ್ರಿಂಗ್ ಕುರ್ಚಿಯಿಂದ ಇಳಿದಳು, ಮತ್ತೆ ಹತ್ತಿದಳು, ಮತ್ತೆ ಇಳಿದಳು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದಳು.

ಸೈಕಲ್ ಅಂಗಡಿ ಎರಡು ಬೀದಿ ಆಚೆ. ಅಂಗಡಿ ಮಗನದು, ಹೊರಗಿನ ಬೆಂಚು ಅಪ್ಪನದು. ಅಪ್ಪ ಅಂದರೆ ಹಾರ್ನ್ ತಾತ. ಒಂಟಿಯನ್ನು ಓಡಿಸಿದ ಡ್ರೈವರ್. ಮಾತಾಡಿದರೆ ಬೀದಿಯ ಆ ತುದಿಗೂ ಕೇಳಬೇಕು, ಅಂಥ ಗಂಟಲು. ಇಂಜಿನ್ ಕಳಚಿದಾಗ ಅದರ ಒಂದು ಬಾಗಿಲನ್ನು ಕೇಳಿ ತಂದು ಅಂಗಡಿಗೆ ಹಾಕಿಸಿದ್ದರು. ಮೂಲೆಗಳು ಗುಂಡಗಿದ್ದ, ಬಣ್ಣ ಮಾಸಿದ ಹಳದಿ ಬಾಗಿಲು. ಲಾರಿ ಹೋದರೆ ಸಾಕು, ಗಾಳಿಗೆ ಧಡಾರ್ ಅಂತ ತೆರೆದುಕೊಳ್ಳುತ್ತಿತ್ತು. ಹಾಗಾಗದಿರಲಿ ಅಂತ ಹಿಡಿಗೆ ಸೈಕಲ್ ಟ್ಯೂಬಿನ ಒಂದು ತುಂಡು ಕಟ್ಟಿದ್ದರು. ಅದನ್ನು ಸಿಕ್ಕಿಸಲು ಎಲ್ಲರೂ ಮರೆಯುತ್ತಿದ್ದರು.

“ಏನಮ್ಮಾ ಸ್ಪ್ರಿಂಗು! ಪಂಕ್ಚರ್ರಾ?”

“ಅಲ್ಲ ತಾತ, ಒಂಟಿ ಬಗ್ಗೆ ಹೇಳಿ. ನಾಳೆ ಸ್ಕೂಲಲ್ಲಿ ಮಾತಾಡ್ಬೇಕು.”

ತಾತ ಕಾಯುತ್ತಿದ್ದವರ ಹಾಗೆ ಶುರುಮಾಡಿದರು. ಬಂಡಿ ಬಂಡಿ ಮಾತು ಮುಗಿದ ಮೇಲೆ ಬಾಗಿಲಿನ ಕಡೆ ಗಲ್ಲ ಎತ್ತಿ ತೋರಿಸಿದರು. “ಈ ಹುಚ್ಚುಮುಂಡೇದು ಬಲಗಡೆ ಬಾಗಿಲು. ನಿನ್ನ ಚಪ್ಪಲಿ ನೋಡು. ಎಡಗಾಲಿಂದು ಒಂಥರಾ, ಬಲಗಾಲಿಂದು ಒಂಥರಾ. ಹೌದಾ? ಇಂಜಿನ್ ಬಾಗಿಲೂ ಹಾಗೇ ಇರಬೇಕು, ಕೀಲು ಎರಡೂ ಕಡೆ ಮುಂದಕ್ಕೆ ಬರಬೇಕು. ಇವರು ಎರಡೂ ಎಡಗಾಲಿಂದೇ ಮಾಡಿಟ್ರು! ಬಲಗಡೆ ಕೀಲು ಹಿಂದಕ್ಕೆ ಹೋಯ್ತು. ಚಿಲಕ ಸ್ವಲ್ಪ ಸಡಿಲ ಆದ್ರೆ ಗಾಳಿ ಬಾಗಿಲನ್ನ ಕಿತ್ಕೊಂಡು ಹೋಗೋದು.”

ಅವರು ಎಡಗೈ ಚಾಚಿದರು. ಕಿರುಬೆರಳು ಸೊಟ್ಟಗಿತ್ತು. “ಇದು ಅದರದೇ ಕೃಪೆ. ಒಂದ್ಸಲ ತೆರ್ಕೊಂಡಿದ್ದು ವಾಪಸ್ ಬಂದು ಬಡೀತು.”

“ಯಾರು ಹಾಗೆ ಮಾಡಿದ್ದು?” ಸ್ಪ್ರಿಂಗ್‌ಗೆ ಕೋಪವೇ ಬಂತು.

“ಫಿಟ್ಟರ್‌ಗೆ ಎಲ್ಲರೂ ಸೇರಿ ಮಂಗಳಾರತಿ ಎತ್ತಿದ್ರು. ಅವನು ಡ್ರಾಯಿಂಗ್ ತಂದು ಮುಖಕ್ಕೆ ಹಿಡಿದ. ಅದರಲ್ಲಿ ಇದ್ದಿದ್ದೇ ಹಾಗೆ. ಮೇಲಿನ ಮಹಡೀಲಿ ಬರೀತಿದ್ದ ಹೆಣ್ಮಕ್ಕಳಲ್ಲಿ ಯಾರೋ ಒಬ್ಬಳು.”

ಸ್ಪ್ರಿಂಗಿನ ಕಾಲು ನಿಂತಿತು. ಪೇಟೆಗೆ ಹೋಗುವಾಗ ಅಜ್ಜಿ ಯಾವತ್ತೂ ಈ ಬೀದಿಗೆ ಬರುವುದಿಲ್ಲ. ಇಲ್ಲಿ ಧೂಳು ಅಂತ ನೀರಿನ ಟ್ಯಾಂಕ್ ಸುತ್ತಿಕೊಂಡು ಹೋಗುತ್ತಾಳೆ. ಅಲ್ಲೂ ಇಷ್ಟೇ ಧೂಳು.

ಮನೆಗೆ ಬಂದವಳು ನೀರು ಕುಡಿದಳು. ಪೆನ್ಸಿಲ್ ಚೂಪು ಮಾಡಿದಳು. ಮತ್ತೆ ನೀರು ಕುಡಿದಳು.

“ಎಲ್ಲಿಗೆ ಹೋಗಿದ್ದೆ?” ಅಜ್ಜಿ ಕೇಳಿದಳು.

“ಸೈಕಲ್ ಅಂಗಡಿಗೆ.”

ಅಜ್ಜಿ ಪರದೆಯನ್ನು ಮಡಿಚಿ ಪಕ್ಕಕ್ಕಿಟ್ಟಳು.

“ಬೆರಳು ತೋರಿಸಿದ್ರಾ?”

“ಹೂಂ.”

“ಇನ್ನೂ ಸೊಟ್ಟ ಇದೆಯಾ?”

“ಹೂಂ.”

“ಆವತ್ತು ನಿಮ್ಮಮ್ಮನಿಗೆ ಜ್ವರ,” ಅಂದಳು ಅಜ್ಜಿ. “ಒಂದು ವರ್ಷದ ಮಗು. ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದೆ. ನಾನು ಬಟ್ಟೆ ಮೇಲೆ ಗೆರೆ ಎಳೀತಿದ್ದೀನಿ, ಕಣ್ಣು ಗಡಿಯಾರದ ಮೇಲಿದೆ. ‘ಬಾಗಿಲು ಎರಡು’ ಅಂತ ಬರೆದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ‘ತೋರಿಸಿದಂತೆ ಒಂದು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಒಂದು’. ಅದು ಬಿಟ್ಟುಹೋಯ್ತು. ಮೂಲೇಲಿ ಸಣ್ಣ ಚೌಕ ಇರುತ್ತೆ, ಬರೆದವರು ತಮ್ಮ ಹೆಸರಿನ ಎರಡಕ್ಷರ ಹಾಕಬೇಕು. ಹಾಕಿ ಎದ್ದು ಓಡಿದೆ.”

“ಯಾರೂ ಚೆಕ್ ಮಾಡ್ಲಿಲ್ವಾ?”

“ಮಾಡಿದ್ರು. ಅವರ ಕಣ್ಣಿಗೂ ಬೀಳಲಿಲ್ಲ. ಗೊತ್ತಾಗೋ ಹೊತ್ತಿಗೆ ಮೊದಲ ಓಟದ ದಿನ ಬಂದಿತ್ತು. ಎರಡನೇ ಇಂಜಿನ್‌ನಲ್ಲಿ ಸರಿಮಾಡೋಣ ಅಂದ್ರು.” ಅಜ್ಜಿ ಕೈ ಒರೆಸಿಕೊಂಡಳು, ಕೈ ಒಣಗಿದ್ದರೂ. “ಎರಡನೆಯದು ಆಗಲೇ ಇಲ್ಲ.”

“ನೀನು ಆಗ ಅತ್ತ್ಯಾ?”

“ಅಳೋ ಹಾಗಿರಲಿಲ್ಲ. ಆ ಬಟ್ಟೆ ಮೇಲೆ ಒಂದು ಹನಿ ನೀರು ಬಿದ್ರೂ ಕೆಲಸ ಹಾಳು. ಸೀನೋ ಹಾಗಿಲ್ಲ, ಬೆವರೋ ಹಾಗಿಲ್ಲ. ಕೈ ಕಲ್ಲಿನ ಹಾಗಿರಬೇಕು.” ಅಜ್ಜಿಗೆ ತಟ್ಟನೆ ನಗು ಬಂತು. “ಅದಕ್ಕೇ ಕಾಲು ಕುಣೀತಿತ್ತು, ಮೇಜಿನ ಕೆಳಗೆ. ಯಾರಿಗೂ ಕಾಣ್ತಿರಲಿಲ್ಲ.”

ಸ್ಪ್ರಿಂಗ್ ಅಜ್ಜಿಯ ಮುಖವನ್ನೇ ನೋಡಿದಳು. ಕೂತರೆ ಕೂತಂತೆಯೇ ಇರುವ ಅಜ್ಜಿ. ಇವಳ ಕಾಲು ಕುಣಿಯುತ್ತಿತ್ತಾ?

“ಹಾಗಾದ್ರೆ ನಾಳೆ ನಿನ್ನ ಹೆಸರು ಹೇಳಲ್ಲ ಬಿಡು,” ಅಂದಳು ಕೊನೆಗೆ. “ಸುಳ್ಳಿ ಅಂದ್ರೆ ಅನ್ನಲಿ.”

ಅಜ್ಜಿ ಎದ್ದು ಅಡುಗೆಮನೆಯ ಕಡೆ ನಡೆದಳು. ಹೊಸ್ತಿಲ ಹತ್ತಿರ ನಿಂತಳು.

“ಹೇಳು. ಆದ್ರೆ ಹೇಳೋದಾದ್ರೆ ಪೂರ್ತಿ ಹೇಳಬೇಕು. ಅರ್ಧ ಗೆರೆ ಎಳೆದು ಬಿಡಬಾರದು.”

ಮಾರನೇ ದಿನ ಸ್ಪ್ರಿಂಗ್ ಬೋರ್ಡಿನ ಮುಂದೆ ನಿಂತಾಗ ಅವಳ ಕಾಲು ತಾನಾಗಿ ಕುಣಿಯುತ್ತಿತ್ತು. ಉಗಿ ಇಂಜಿನ್ ಬಂದು ಒಂಟಿಯನ್ನು ಎಳೆದುಕೊಂಡು ಹೋದದ್ದಕ್ಕೆ ಎಲ್ಲರೂ ನಕ್ಕರು. ರೇಡಿಯೋ ಕೈ ಎತ್ತಿದಳು. “ಅದೆಲ್ಲ ಸರಿ. ನಿಮ್ಮಜ್ಜಿ ಏನು ಮಾಡಿದ್ರು?”

ಸ್ಪ್ರಿಂಗ್ ಚಾಕ್ ಹಿಡಿದು ಒಂದು ಬಾಗಿಲು ಬರೆದಳು. ಮೊದಲ ಗೆರೆ ಸೊಟ್ಟವಾಯಿತು. ಅಳಿಸಿ, ಉಸಿರು ಹಿಡಿದು ಮತ್ತೆ ಎಳೆದಳು. ಒಂದು ನೆಟ್ಟಗಿನ ಗೆರೆ ಇಷ್ಟು ಉದ್ದ ಇರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣ ಚೌಕ ಮಾಡಿ ಅಜ್ಜಿಯ ಎರಡಕ್ಷರ ಹಾಕಿದಳು. ಆಮೇಲೆ ಬಿಟ್ಟುಹೋದ ಸಾಲಿನ ಕತೆ ಹೇಳಿದಳು. ಜ್ವರ, ಗಡಿಯಾರ, ತಾತನ ಬೆರಳು, ಎಲ್ಲ.

“ಅಯ್ಯೋ, ನಿಮ್ಮಜ್ಜಿ ತಪ್ಪು ಮಾಡಿದ್ರಾ?” ಅಂದಳು ರೇಡಿಯೋ.

“ಹೂಂ. ಆ ಒಂದು ಹಾಳೇಲಿ. ಒಂಟಿಗೆ ಅಂಥವು ನೂರಾ ನಲವತ್ತು ಬರೆದಿದ್ರು.”

ರೇಡಿಯೋ ಬೋರ್ಡಿನ ಕಡೆ ಬಗ್ಗಿ ನೋಡಿದಳು. ಆಮೇಲೆ, “ಸೈಕಲ್ ಅಂಗಡಿ ಆ ಬಾಗಿಲಿಗೆ ನನ್ನ ಕೈನೂ ಒಂದ್ಸಲ ಸಿಕ್ಕಿಹಾಕ್ಕೊಂಡಿತ್ತು ಕಣೇ,” ಅಂದಳು, ಏನೋ ದೊಡ್ಡ ಬಹುಮಾನ ಬಂದವಳ ಹಾಗೆ.

ಸಂಜೆ ಸ್ಕೂಲಿನ ಗೇಟಿನಲ್ಲಿ ಅಜ್ಜಿ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ. “ನಡಿ,” ಅಂದಳು. ನೀರಿನ ಟ್ಯಾಂಕಿನ ಕಡೆ ತಿರುಗಲಿಲ್ಲ.

ಹಾರ್ನ್ ತಾತ ಬೆಂಚಿನಿಂದ ಎದ್ದರು. “ಬನ್ನಿ ತಾಯಿ, ಯಾವ ಸೈಕಲ್ಲು?”

ಅಜ್ಜಿ ನೇರವಾಗಿ ಬಾಗಿಲಿನ ಹತ್ತಿರ ಹೋದಳು. ಕೀಲಿನಿಂದ ಕೀಲಿಗೆ ಗೇಣು ಹಾಕಿ ಅಳೆದಳು. ಗುಂಡಗಿನ ಮೂಲೆಯ ಮೇಲೆ ಬೆರಳು ಆಡಿಸಿದಳು.

“ಅಳತೆ ಸರಿಯಾಗಿದೆ,” ಅಂದಳು. ಆಮೇಲೆ ತಾತನ ಕಡೆ ತಿರುಗಿದಳು. “ಇದನ್ನ ಬರೆದವಳು ನಾನು.”

ಒಳಗೆ ಮಗ ಪಂಪು ಹೊಡೆಯುವುದನ್ನು ನಿಲ್ಲಿಸಿದ. ತಾತ ಅಜ್ಜಿಯನ್ನು ನೋಡಿದರು, ಬಾಗಿಲನ್ನು ನೋಡಿದರು, ತಮ್ಮ ಕಿರುಬೆರಳನ್ನು ನೋಡಿಕೊಂಡರು.

“ನೀವಾ? ಒಂಬತ್ತು ವರ್ಷ ದಿನಾ ಬೈದಿದ್ದೀನಲ್ಲ ತಾಯಿ ನಿಮ್ಮನ್ನ!”

“ಅದಕ್ಕೇ ಇರಬೇಕು, ನನಗೆ ಅಷ್ಟೊಂದು ಬಿಕ್ಕಳಿಕೆ.”

ತಾತನ ನಗು ಬೀದಿಯ ಆ ತುದಿಗೆ ಮುಟ್ಟಿತು. ಅಜ್ಜಿ ನಗಲಿಲ್ಲ. “ಬೆರಳು...” ಅಂದಳು.

“ಇರಲಿ ಕೂತ್ಕೊಳ್ಳಿ. ಮೊದಲು ಆ ರೇಡಿಯೇಟರ್ ಯಾವ ಪುಣ್ಯಾತ್ಮ ಬರೆದ ಹೇಳಿ, ಅವನನ್ನ ಬೈಯೋದು ಇನ್ನೂ ಬಾಕಿ ಇದೆ.”

“ಅದೂ ನಾನೇ ಟ್ರೇಸ್ ಮಾಡಿದ್ದು. ಆದ್ರೆ ಅದರ ತಪ್ಪು ದೊಡ್ಡ ಇಂಜಿನಿಯರ್‌ದು.”

ಇಬ್ಬರೂ ಬೆಂಚಿನ ಮೇಲೆ ಕೂತರು. ಒಂದು ಲಾರಿ ಬರುತ್ತಿತ್ತು. ಸ್ಪ್ರಿಂಗ್ ಓಡಿಹೋಗಿ ಟ್ಯೂಬನ್ನು ಎಳೆದು ಸಿಕ್ಕಿಸಿ, ಬಾಗಿಲನ್ನು ಅಂಗೈಯಿಂದ ಒತ್ತಿಹಿಡಿದು ನಿಂತಳು. ಲಾರಿ ದಾಟಿತು. ಬಾಗಿಲು ಅವಳ ಕೈಯೊಳಗೆ ನಡುಗಿ ಸುಮ್ಮನಾಯಿತು.

ಅಲ್ಲಿಂದ ಅವಳಿಗೆ ಅಜ್ಜಿ ಪೂರ್ತಿ ಕಾಣುತ್ತಿದ್ದಳು. ಬೆನ್ನು ನೆಟ್ಟಗೆ. ಎರಡು ಕೈ ಮಡಿಲಲ್ಲಿ, ಕಲ್ಲಿನ ಹಾಗೆ. ಮಾತು ಮೆಲ್ಲಗೆ. ಬೆಂಚಿನ ಕೆಳಗೆ, ಸೀರೆಯ ಅಂಚಿನ ಮರೆಯಲ್ಲಿ, ಬಲಗಾಲಿನ ಹೆಬ್ಬೆರಳು ಮಾತ್ರ ಟಕಟಕ, ಟಕಟಕ.

ಸ್ಪ್ರಿಂಗ್ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತು, ತನ್ನ ಕಾಲನ್ನು ಆ ಕಾಲಿನ ಪಕ್ಕಕ್ಕೆ ತಂದಿಟ್ಟಳು.