ಶಿಶುವಿಹಾರದ ಕೆಂಪು ಕುದುರೆ

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಗಾರ್ಮೆಂಟ್ಸ್ ಕಾರ್ಖಾನೆಗಳ ಊರಾದ ಆಶುಲಿಯಾದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರ ತೌಹಿದ್, ಹೆದ್ದಾರಿ ಪಕ್ಕದ ಆರು ಮಹಡಿ ಗಾರ್ಮೆಂಟ್ಸ್‌ನ ಮ್ಯಾನೇಜರು. ಕಳುವಾದ ಮಾಲು: ಕಾರ್ಖಾನೆಯ ಶಿಶುವಿಹಾರದಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುದುರೆ, ಮಕ್ಕಳು ಕೂತು ತೂಗಾಡುವಂಥದ್ದು.

ಇನ್ಸ್‌ಪೆಕ್ಟರ್ ಮೊಖ್ಲೆಸ್ ಪೆನ್ನು ಕೆಳಗಿಟ್ಟ. ಹಿಂದಿನ ತಿಂಗಳು ಅದೇ ಕಾರ್ಖಾನೆಯಲ್ಲಿ ಹುಡುಗಿಯೊಬ್ಬಳು ಮಷೀನಿನ ಮೇಲೇ ಕುಸಿದು ಸತ್ತಾಗ ಈ ಮಹಾಶಯ ಫೋನೂ ಎತ್ತಿರಲಿಲ್ಲ. ಈಗ ಕುದುರೆಗಾಗಿ ಅತ್ತರು ಪೂಸಿಕೊಂಡು ಓಡಿ ಬಂದಿದ್ದ.

"ಕುದುರೆಗೆ ಎಫ್‌ಐಆರ್ ಬೇಕಾ?"

"ಬೇಕು ಸಾರ್. ನಾಳೆ ನಮ್ಮ ಬಟ್ಟೆ ಕೊಳ್ಳೋ ವಿದೇಶದ ಬಯ್ಯರ್‌ಗಳು ಬರ್ತಾರೆ. ಅವರ ಕಂಪನಿ ಪುಸ್ತಕದಲ್ಲೇ ಇದರ ಫೋಟೊ ಇದೆ, ನೋಡಿ." ಮಿರಿಮಿರಿ ಹಾಳೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕುದುರೆಯ ಕತ್ತು ತಬ್ಬಿ ನಗುತ್ತಿದ್ದಳು. "ಇದು ಯೂನಿಯನ್‌ನವರ ಕಿತಾಪತಿ. ಹೆಸರು ಕೊಡ್ತೀನಿ, ಒಳಗೆ ಹಾಕಿ."

"ಹೆಸರು ನಾನು ಹುಡುಕ್ತೀನಿ. ನೀವು ಬಾಗಿಲು ತೆಗೀರಿ."

ಹನ್ನೊಂದೂವರೆಗೆ ಶಿಶುವಿಹಾರದಲ್ಲಿ ಪಂಚನಾಮೆ ಶುರುವಾಯಿತು. ಗೋಡೆ ತುಂಬ ಮೊಲಗಳ ಚಿತ್ರ. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಬೀಗ ಒಡೆದಿರಲಿಲ್ಲ, ಬೀರುವಿನ ಬೆಲೆಬಾಳುವ ಗೊಂಬೆಗಳನ್ನು ಯಾರೂ ಮುಟ್ಟಿರಲಿಲ್ಲ.

"ಮಕ್ಕಳೆಲ್ಲಿ?" ಕಾನ್‌ಸ್ಟೇಬಲ್ ಶೆಫಾಲಿ ಕೇಳಿದಳು.

"ಇವತ್ತು ಬಂದಿಲ್ಲ."

"ಇವತ್ತಾ, ಯಾವತ್ತೂನಾ?"

ತೌಹಿದ್ ಮೊಬೈಲು ನೋಡತೊಡಗಿದ. ಬಯ್ಯರ್‌ಗಳು ಬರುತ್ತಾರೆಂದು ಶನಿವಾರ ಕೋಣೆ ಗುಡಿಸಲು ಏಳನೇ ಹೊಲಿಗೆ ಲೈನಿನ ಮೊರ್ಜಿನಾಳನ್ನು ಕಳಿಸಿದ್ದು ಬಿಟ್ಟರೆ, ಹೋದ ಸಲ ಅವರು ಬಂದುಹೋದ ಮೇಲೆ ಇವತ್ತಿನವರೆಗೂ ಬಾಗಿಲು ತೆಗೆದೇ ಇಲ್ಲವೆಂದು ಗೇಟಿನ ಕಾವಲುಗಾರ ಹೇಳಿದ.

"ಹೊರಗೆ ಹೋಗುವಾಗ ಎಲ್ಲರನ್ನೂ ತಡವಿ ನೋಡ್ತೀರಲ್ಲಯ್ಯಾ?"

"ಒಂದು ಗುಂಡಿನೂ ಆಚೆ ಹೋಗಲ್ಲ ಸಾರ್."

"ಕುದುರೆ ಹೋಗಿದೆ. ಯಾವುದನ್ನ ನೋಡಲ್ಲ, ಹೇಳು."

ಕಾವಲುಗಾರ ಅತ್ತಿತ್ತ ನೋಡಿದ. "ಚಿಂದಿ ಮೂಟೆ. ಅದರ ವ್ಯಾಪಾರ ಎಲ್ಲಾ ನಮ್ಮ ಏರಿಯಾ ಲೀಡರ್‌ದು. ಮುಟ್ಟಿದ್ರೆ ಕೈ ಮುರೀತಾರೆ."

ಹೆಂಗಸರ ಮೈ ತಡವುವ ಧೈರ್ಯವಂತರು ಲೀಡರನ ಮೂಟೆಗೆ ಕೈಮುಗಿಯುತ್ತಿದ್ದರು. ಮೊಖ್ಲೆಸ್ ನೇರ ಲೀಡರನ ಚಿಂದಿ ಗೋದಾಮಿಗೆ ಹೋದ. ಅಲ್ಲಿ ಬಟ್ಟೆ ತುಂಡು ಆರಿಸುತ್ತಿದ್ದವಳಿಗೆ ಫೋಟೊ ತೋರಿಸಿದ.

"ಅಯ್ಯೋ, ಇದು ಮೊರ್ಜಿನಾ ಆಪಾ ಮಗಳು, ತುಲಿ! ಮೊನ್ನೆ ಮೂಟೆ ಬಿಚ್ಚಿದ್ರೆ ಕುದುರೆ ತಲೆ! ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಸಂಜೆ ಆಪಾ ಬಂದು ತಗೊಂಡೋದ್ರು." ಆಮೇಲೆ ಖಾಕಿ ಬಟ್ಟೆ ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಶೆಫಾಲಿ ಮೊರ್ಜಿನಾಳನ್ನು ಮಷೀನಿನಿಂದ ಎಬ್ಬಿಸಿ ಕರೆತಂದಳು. ಮೂವರೂ ಅವಳ ಮನೆಗೆ ಹೋದರು. ತಗಡಿನ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು. ತೆಗೆದರೆ ಒಳಗೆ ತುಲಿ, ಮಂಡಕ್ಕಿ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕುದುರೆಯ ಮೇಲಿದ್ದಳು.

"ನೀನೇ ತಗೊಂಡಿದ್ದಾ?" ಮೊಖ್ಲೆಸ್ ತಾಯಿಯನ್ನು ಕೇಳಿದ.

"ಹೌದು ಸಾರ್."

"ಯಾಕೆ?"

"ಹೋದ ಸಲ ಬಯ್ಯರ್ ಬಂದಾಗ ಮಗೂನ ಕರ್ಕೊಂಡು ಬಾ ಅಂತ ಮ್ಯಾನೇಜರೇ ಅಂದ್ರು. ಇದು ನಿನ್ನ ಕೋಣೆ, ಆಡ್ಕೋ ಪುಟ್ಟಿ ಅಂದ್ರು. ಬಯ್ಯರ್‌ಗಳ ಕಾರು ಗೇಟು ದಾಟಿದ್ದೇ ತಡ, ಅದೇ ಮ್ಯಾನೇಜರು ರಟ್ಟೆ ಹಿಡಿದು ಕುದುರೆಯಿಂದ ಕೆಳಗೆಳೆದ. ನಾನೇನು ತಪ್ಪು ಮಾಡ್ದೆ ಅಮ್ಮಾ ಅಂತ ಇವತ್ತಿಗೂ ಕೇಳ್ತಾಳೆ. ದಿನಾ ಬೀಗ ಹಾಕಿ ಹೋಗ್ತೀನಿ. ಒಳಗೆ ಒಂದು ಕುದುರೆಯಾದ್ರೂ ಇರ್ಲಿ ಅಂತ..."

ಮೊಖ್ಲೆಸ್‌ಗೆ ಹೇಸಿಗೆಯಾಯಿತು, ಅವಳ ಮೇಲಲ್ಲ. ಆದರೆ ದೂರು ದಾಖಲಾಗಿತ್ತು, ಮಾಲು ಸಿಕ್ಕಿತ್ತು, ಅವಳು ಒಪ್ಪಿಕೊಂಡಿದ್ದಳು. ನಾಲ್ಕು ಗಂಟೆಗೆ ಬಂಧಿಸಿದ. ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಅದೂ ಜೀಪು ಹತ್ತಿತು.

ಸಂಜೆ ತೌಹಿದನ ಫೋನು. "ಭೇಷ್ ಸಾರ್! ಕುದುರೆ ನಾಳೆಗೆ ಸಿಗುತ್ತಲ್ಲ?"

"ಜಪ್ತಿ ಮಾಲು. ಕೋರ್ಟು ಬಿಡಬೇಕು."

"ಹೋಗ್ಲಿ, ಬೇರೆ ತರಿಸ್ತೀನಿ. ಆ ಮಗೂನಾದ್ರೂ ಒಂದು ಗಂಟೆ ಕಳಿಸಿ. ಪುಸ್ತಕದಲ್ಲಿರೋ ಹುಡುಗಿ ಹೇಗಿದ್ದಾಳೆ ಅಂತ ಬಯ್ಯರ್‌ಗಳು ವಿಚಾರಿಸ್ತಿದ್ದಾರೆ."

ಮೊಖ್ಲೆಸ್ ಲಾಕಪ್ಪಿನತ್ತ ನೋಡಿದ. ತುಲಿ ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ಅವಳು ಲಾಕಪ್ಪಲ್ಲಿದ್ದಾಳೆ. ಬಯ್ಯರ್‌ಗಳನ್ನ ಇಲ್ಲಿಗೇ ಕರ್ಕೊಂಡು ಬಾರೋ. ಫೋಟೊ ಚೆನ್ನಾಗಿ ಬರುತ್ತೆ."

ಫೋನು ಕುಕ್ಕಿ ವರದಿ ಎಳೆದುಕೊಂಡ. ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ, 'ಆಡುತ್ತಿದ್ದ ಮಗುವನ್ನು ಕುದುರೆಯಿಂದ ಎಳೆದು ಇಳಿಸಿದ್ದು' ಎಂದು ಬರೆದ. ಇಳಿಸಿದವನ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಅಂಚಿನಲ್ಲಿ ಬರೆದು ಸಹಿ ಹಾಕಿದ.