ಸೊನ್ನೆ ಬರುವವರೆಗೆ

ಅವನು ನನ್ನ ಬೇಕರಿಗೆ ಬರುವುದನ್ನು ನಿಲ್ಲಿಸಿ ಹನ್ನೆರಡು ದಿನವಾಗಿತ್ತು. ಬಸ್ ಓಡಿಸುವವನು. ಬೆಳಗ್ಗೆ ಡಿಪೋದಲ್ಲಿ ಊದಿಸಿದಾಗ ಕುಡಿದಿದ್ದಾನೆಂದು ಮೀಟರ್ ತೋರಿಸಿತಂತೆ, ಕೆಲಸದಿಂದ ದೂರ ಇಟ್ಟರಂತೆ. ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದವನು!

ಎದುರಿನ ಲ್ಯಾಬಿಗೆ ಮಾತ್ರ ದಿನಾ ಹನ್ನೊಂದಕ್ಕೆ ತಪ್ಪದೆ ಹೋಗುತ್ತಿದ್ದ. ಲ್ಯಾಬಿನ ಹುಡುಗಿ ಅವನ ತುಟಿಗೆ ನಳಿಗೆ ಇಡುವುದು, ಅವನು ಊದುವುದು, ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಮೀಟರ್ ನೋಡಿ ನಗುವುದು, ಎಲ್ಲ ನನ್ನ ಕಿಟಕಿಯಿಂದ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಯಾಕೆ ಹೇಳಲಿ? ಎರಡು ಟ್ರೇ ಬನ್ ಸೀದುಹೋದವು.

ನನ್ನ ಅಕ್ಕ ನಕ್ಕಳು. "ಬನ್ ತಿನ್ನಿಸಿ ತಿನ್ನಿಸಿ ಬುಟ್ಟಿಗೆ ಹಾಕ್ಕೊಂಡೆ ಅಂತ ಬೀಗ್ತಿದ್ದೆ. ಈಗ ನೋಡು."

ಹದಿಮೂರನೆಯ ದಿನ ಬಿಸಿ ಬನ್ ಕಟ್ಟಿಕೊಂಡು ಲ್ಯಾಬಿಗೇ ನುಗ್ಗಿದೆ.

ಪೊಟ್ಟಣ ನೋಡಿ ಅವನ ಮುಖ ಬಿಳಿಚಿಕೊಂಡಿತು. "ಅದನ್ನ ಬಿಚ್ಚಬೇಡ," ಎಂದ.

"ಯಾಕೆ, ಇವಳ ಕೈರುಚಿ ಹತ್ತಿತಾ?"

ಲ್ಯಾಬಿನ ಹುಡುಗಿ ನಡುವೆ ಬಂದಳು. "ಅಕ್ಕಾ, ಇವರು ಬ್ರೆಡ್ಡು, ಸಕ್ಕರೆ ಮುಟ್ಟೋ ಹಾಗಿಲ್ಲ. ಹೊಟ್ಟೆಯೊಳಗೆ ಯೀಸ್ಟ್ ಸೇರ್ಕೊಂಡು ತಿಂದಿದ್ದನ್ನೆಲ್ಲ ಹೆಂಡ ಮಾಡ್ತಿದೆ. ಅಪರೂಪದ ಕಾಯಿಲೆ. ಕುಡೀದೆನೇ ಅಮಲೇರುತ್ತೆ."

ಡಿಪೋಗೆ ಹೊರಡುವ ಮುಂಚೆ ದಿನಾ ನಾಲ್ಕು ಬನ್ ತಿನ್ನಿಸುತ್ತಿದ್ದವಳು ನಾನೇ.

"ನಿನ್ನ ಕೆಲಸ ಕಳೆದವಳು ನಾನಾ? ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಂದ್ರೆ ನೀನು ಬನ್ ಕೊಡ್ತೀಯ. ನಿನ್ನ ಕೈಯಿಂದ ಬೇಡ ಅನ್ನೋಕೆ ನಂಗೆ ಬರಲ್ಲ."

ಆಗ ಇನ್ನೊಂದು ಯೋಚನೆ ಬಂತು. ನಾನಂದರೆ ಇಷ್ಟ ಎಂದು ಅವನು ಹೇಳಿದ್ದು ಮೂರೇ ಸಲ. ಮೂರು ಸಲವೂ ಬನ್ ತಿಂದ ಮೇಲೆ.

"ಹಾಗಾದ್ರೆ ಇಷ್ಟ ಅಂದಿದ್ದೂ ಅಮಲಲ್ಲೇನಾ?" ಈಗ ನನ್ನ ಬನ್ನಿನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು.

ಅವನು ಮೀಟರ್ ತೆಗೆದುಕೊಂಡು ಉಸಿರು ಮುಗಿಯುವವರೆಗೆ ಊದಿದ. ಸೊನ್ನೆ ಬಂತು. ಲ್ಯಾಬಿನ ಹುಡುಗಿ ಚೀಟಿ ಬರೆದು ಸಹಿ ಹಾಕಿದಳು. ಅವನು ಅದನ್ನು ನನ್ನ ಅಂಗೈಯಲ್ಲಿಟ್ಟ.

"ದಿನಾ ಸ್ವಲ್ಪ ಸ್ವಲ್ಪ ಇಳೀತಿತ್ತು. ಸೊನ್ನೆ ಬಂದಿದ್ದು ಇವತ್ತೇ. ಇನ್ನೂ ಒಂದು ತಿಂಗಳು ದಿನಾ ಊದಬೇಕಂತೆ. ಈ ಚೀಟಿ ಡಿಪೋಗೆ ಕೊಡಬೇಕು, ಆದ್ರೆ ಮೊದಲು ನೀನು ನೋಡು," ಎಂದ. ಕಣ್ಣು ನನ್ನ ಮೇಲೇ ಇತ್ತು. "ಈಗ ಹೇಳ್ತೀನಿ ಕೇಳು. ನೀನಂದ್ರೆ ನಂಗಿಷ್ಟ."

ನಾನು ಪೊಟ್ಟಣವನ್ನು ಲ್ಯಾಬಿನ ಹುಡುಗಿಯ ಕೈಗೆ ಕೊಟ್ಟೆ.

"ನೀನು ತಿನ್ನಮ್ಮ," ಎಂದೆ. "ನಾಳೆಯಿಂದ ನಳಿಗೆ ನಾನೇ ಹಿಡೀತೀನಿ."